‘ಅ’ ಸಾಲಿನಿಂದ ‘ವ’ ಸಾಲಿನವರೆಗೆ: ಜಪಾನಿ ಕರೋಕೆ ಹಾಡುಗಳನ್ನು ಮೊದಲ ಅಕ್ಷರ ಹಿಡಿದು ಆರಿಸುವ ಸಮಗ್ರ ಮಾರ್ಗದರ್ಶಿ

ಜಪಾನಿನಲ್ಲಿ ಕೆಲಸಕ್ಕೋ ಓದಿಗೋ ನೆಲೆಸಿರುವ ಕನ್ನಡಿಗರಿಗೆ ಒಂದಲ್ಲ ಒಂದು ದಿನ ಕರೋಕೆ ಕೋಣೆಯ ಕರೆ ಬಂದೇ ಬರುತ್ತದೆ. ಕಚೇರಿಯವರೆಲ್ಲ ಸೇರಿ ಊಟ ಮಾಡಿದ ಮೇಲೆ ‘ನಿಜಿಕಾಯ್’ ಎಂಬ ಎರಡನೆಯ ಸುತ್ತಿಗೆ ಐದಾರು ಮಂದಿ ಹೊರಡುತ್ತಾರೆ. ಚಿಕ್ಕ ಕೋಣೆ, ದೊಡ್ಡ ಪರದೆ, ಎರಡು ಮೈಕು, ಕೈಯಿಂದ ಕೈಗೆ ಸಾಗುವ ಒಂದು ಟ್ಯಾಬ್ಲೆಟ್. ಅದು ನಿಮ್ಮ ಕೈಗೆ ಬಂದಾಗ ಲಕ್ಷಾಂತರ ಹಾಡುಗಳ ನಡುವೆ ಒಂದೂ ನೆನಪಿಗೆ ಬರುವುದಿಲ್ಲ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಅನಿಮೆ, ಅಂದರೆ ಜಪಾನಿ ಕಾರ್ಟೂನುಗಳನ್ನು ನೋಡುತ್ತ ಬೆಳೆದವರ ತೊಂದರೆ ಇನ್ನೊಂದು ಬಗೆಯದು: ಹಾಡಿನ ಧಾಟಿ ಬಾಯಿಗೆ ಬಂದಿದೆ, ಶೀರ್ಷಿಕೆ ಗೊತ್ತಿಲ್ಲ.

ಇಬ್ಬರಿಗೂ ಒಂದೇ ಮದ್ದು. ಗಾಯಕರ ಹೆಸರಿನ ಪಟ್ಟಿ ಬಿಟ್ಟು, ಶೀರ್ಷಿಕೆಯ ಮೊದಲ ಅಕ್ಷರದ ಪ್ರಕಾರ ನಿಮ್ಮದೇ ಒಂದು ಪಟ್ಟಿ ಮಾಡಿಕೊಳ್ಳಿ. ಜಪಾನಿನ ಕರೋಕೆ ಯಂತ್ರಗಳು, ಸಾಹಿತ್ಯ ಒದಗಿಸುವ ಜಾಲತಾಣಗಳು, ಕೋಣೆಯಲ್ಲಿ ಆಡುವ ಅಂತ್ಯಾಕ್ಷರಿಯಂಥ ಆಟ, ಎಲ್ಲವೂ ನಡೆಯುವುದು ಅಕ್ಷರಾನುಕ್ರಮದಲ್ಲೇ. ಆ ಕ್ರಮವನ್ನು ಕಲಿಯುವುದು ನಮಗೆ ಇತರ ಅನೇಕ ಭಾಷೆಯವರಿಗಿಂತ ಬಹಳ ಸುಲಭ.

ಮೊದಲ ಹೆಜ್ಜೆ: ಅಕ್ಷರಮಾಲೆಯನ್ನು ಬಾಯಿಪಾಠ ಮಾಡಿ

ಜಪಾನಿ ಅಕ್ಷರಕೋಷ್ಟಕದ ಹೆಸರು ‘ಗೊಜೂಓನ್’. ಸ್ವರಗಳು ಐದು: ಅ, ಇ, ಉ, ಎ, ಒ. ಸಾಲುಗಳು ಹತ್ತು: ಅ, ಕ, ಸ, ತ, ನ, ಹ, ಮ, ಯ, ರ, ವ. ಕನ್ನಡ ವರ್ಣಮಾಲೆಯ ಬೆನ್ನೆಲುಬೇ ಇಲ್ಲಿ ಕಾಣುತ್ತಿದೆಯಲ್ಲವೇ? ಇದು ಆಕಸ್ಮಿಕವಲ್ಲ. ಬೌದ್ಧ ಗ್ರಂಥಗಳನ್ನು ಓದಲು ಸಿದ್ಧಂ ಎಂಬ ಭಾರತೀಯ ಮೂಲದ ಲಿಪಿ ಮತ್ತು ಸಂಸ್ಕೃತದ ವರ್ಣಕ್ರಮ ಕಲಿತ ಜಪಾನಿ ಭಿಕ್ಷುಗಳಿಂದ ಈ ಕ್ರಮ ಅಲ್ಲಿ ನೆಲೆಗೊಂಡಿತು. ನಮ್ಮಲ್ಲಿ ‘ಪ’ ವರ್ಗ ಬರುವ ಸ್ಥಾನದಲ್ಲಿ ಅವರಲ್ಲಿ ‘ಹ’ ಸಾಲು ಇರುವುದಕ್ಕೂ ಕಾರಣವಿದೆ: ಇಂದಿನ ‘ಹ’ ಧ್ವನಿ ಹಿಂದೆ ‘ಪ’ ಆಗಿತ್ತು. ಇಂದಿಗೂ ‘ಬ’, ‘ಪ’ ಎರಡನ್ನೂ ‘ಹ’ ಅಕ್ಷರದ ಮೇಲೆ ಗುರುತು ಹಾಕಿಯೇ ಬರೆಯುತ್ತಾರೆ. ಅದೇ ರೀತಿ ‘ಗ’ ಸಿಗುವುದು ‘ಕ’ ಸಾಲಿನಲ್ಲಿ, ‘ಜ’ ‘ಸ’ ಸಾಲಿನಲ್ಲಿ, ‘ದ’ ‘ತ’ ಸಾಲಿನಲ್ಲಿ.

ಅಪವಾದಗಳು ಕೆಲವೇ. ‘ಸ’ ಸಾಲು ಸ, ಶಿ, ಸು, ಸೆ, ಸೊ ಎಂದು ಸಾಗುತ್ತದೆ. ‘ತ’ ಸಾಲು ತ, ಚಿ, ತ್ಸು, ತೆ, ತೊ. ‘ಹ’ ಸಾಲಿನಲ್ಲಿ ‘ಹು’ ಬದಲು ‘ಫು’. ‘ಯ’ ಸಾಲಿನಲ್ಲಿ ಯ, ಯು, ಯೊ ಮಾತ್ರ. ‘ವ’ ಸಾಲಿನಲ್ಲಿ ಹಾಡಿನ ಆರಂಭಕ್ಕೆ ಒದಗುವುದು ‘ವ’ ಒಂದೇ. ಕೊನೆಯಲ್ಲಿ ಒಂಟಿಯಾಗಿ ನಿಲ್ಲುವ ‘ನ್’ ಅಕ್ಷರದಿಂದ ಜಪಾನಿಯಲ್ಲಿ ಪದಗಳು ಆರಂಭವಾಗುವುದಿಲ್ಲ. ಹಿರಗಾನ, ಕತಕಾನ ಎಂಬ ಎರಡು ಲಿಪಿಗಳಲ್ಲೂ ಮೂಲ ಅಕ್ಷರಗಳು 46. ಎರಡನ್ನೂ ಕಲಿಯಿರಿ. ಕೋಣೆಯೊಳಗೆ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ವಿದ್ಯೆ ಇನ್ನೊಂದಿಲ್ಲ.

ಎರಡನೆಯ ಹೆಜ್ಜೆ: ಶೀರ್ಷಿಕೆಯನ್ನು ಸರಿಯಾಗಿ ಓದಿ

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಶೀರ್ಷಿಕೆ ಚೀನೀ ಮೂಲದ ಚಿತ್ರಾಕ್ಷರಗಳಲ್ಲಿ ಇರಬಹುದು, ರೋಮನ್ ಲಿಪಿಯಲ್ಲಿ ಇರಬಹುದು, ಅಂಕಿಯಿಂದ ಆರಂಭವಾಗಬಹುದು. ಅದು ಯಾವ ಸಾಲಿಗೆ ಸೇರುತ್ತದೆ ಎಂಬುದನ್ನು ತೀರ್ಮಾನಿಸುವುದು ಉಚ್ಚಾರ ಮಾತ್ರ.

ಯಮಗುಚಿ ಮೊಮೊಎ 1977ರಲ್ಲಿ ಹಾಡಿದ, ಸದ ಮಸಶಿ ಬರೆದ ಒಂದು ಪ್ರಸಿದ್ಧ ಹಾಡಿನ ಶೀರ್ಷಿಕೆಯಲ್ಲಿ ಶರತ್ಕಾಲ ಮತ್ತು ಚೆರ್ರಿ ಹೂವನ್ನು ಸೂಚಿಸುವ ಎರಡು ಚಿತ್ರಾಕ್ಷರಗಳಿವೆ. ನಿಘಂಟು ಹಿಡಿದು ಕುಳಿತವರು ಮೊದಲ ಅಕ್ಷರವನ್ನು ‘ಅಕಿ’ ಎಂದು ಓದಿ ‘ಅ’ ಅಡಿಯಲ್ಲಿ ಹುಡುಕುತ್ತಾರೆ. ಹಾಡಿನ ಹೆಸರು ‘ಕೊಸುಮೊಸು’, ಅಂದರೆ ಅದು ಇರುವುದು ‘ಕೊ’ ಅಡಿಯಲ್ಲಿ. ಎಕ್ಸ್ ತಂಡದ 1989ರ ‘ಕುರೆನಯ್’ ಮತ್ತು ಲಿಸಾ ಅವರ 2019ರ ‘ಗುರೆಂಗೆ’ ಒಂದೇ ಚಿತ್ರಾಕ್ಷರದಿಂದ ಆರಂಭವಾಗುತ್ತವೆ. ಓದುವುದು ಮಾತ್ರ ಒಂದನ್ನು ‘ಕು’ ಎಂದು, ಇನ್ನೊಂದನ್ನು ‘ಗು’ ಎಂದು. ಲಿಸಾ ಅವರದೇ 2020ರ ಹಾಡಿನ ಶೀರ್ಷಿಕೆ ಜ್ವಾಲೆಯನ್ನು ಸೂಚಿಸುವ ಒಂದೇ ಅಕ್ಷರ. ಅದನ್ನು ಸಾಮಾನ್ಯವಾಗಿ ‘ಹೊನೋ’ ಎಂದು ಓದುತ್ತಾರಾದರೂ ಹಾಡಿನ ಹೆಸರು ‘ಹೊಮುರ’.

ಅಂಕಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ರೆಮಿಯೊರೊಮೆನ್ ತಂಡದ 2004ರ ಹಾಡಿನ ಹೆಸರು ಮಾರ್ಚ್ 9ರ ದಿನಾಂಕ. ಓದುವುದು ‘ಸಂಗತ್ಸು ಕೊಕೊನೊಕ’. ಸಿಯಾಮ್ ಶೇಡ್ ತಂಡದ 1997ರ ಹಾಡು ಬರಹದಲ್ಲಿ 1/3 ಎಂದು ಆರಂಭವಾಗುತ್ತದೆ, ಆದರೆ ಜಪಾನಿಯಲ್ಲಿ ಭಿನ್ನರಾಶಿ ಓದುವಾಗ ಛೇದ ಮೊದಲು ಬರುತ್ತದೆ: ‘ಸಂಬುನ್ ನೊ ಇಚಿ’. ಹೀಗಾಗಿ ಎರಡೂ ‘ಸ’ ಅಡಿಯಲ್ಲೇ.

ಇಂಗ್ಲಿಷ್ ಶೀರ್ಷಿಕೆಗಳನ್ನು ಜಪಾನಿ ಬಾಯಿಯಲ್ಲಿ ಕೇಳಿಸಿಕೊಳ್ಳಿ. ಪಿಂಕ್ ಲೇಡಿ ಜೋಡಿಯ 1977ರ ‘ಯೂಫೋ’ ಬರೆಯುವುದು ಮೂರು ರೋಮನ್ ಅಕ್ಷರಗಳಲ್ಲಿ, ಓದುವುದು ಒಂದೇ ಪದವಾಗಿ, ಹಾಗಾಗಿ ‘ಯು’. ಸ್ಪಿಟ್ಸ್ ತಂಡದ 1996ರ ‘ಚೆರೀ’ಯನ್ನು ಬರೆಯುವುದು ‘ಚಿ’ಗೆ ಸಣ್ಣ ‘ಎ’ ಸೇರಿಸಿ, ಆದ್ದರಿಂದ ಅದು ‘ಚಿ’. ‘ಲ’ ಧ್ವನಿಗೆ ಪ್ರತ್ಯೇಕ ಅಕ್ಷರವೇ ಇಲ್ಲದ ಕಾರಣ ಯೊನೆಜು ಕೆನ್ಶಿ ಅವರ 2018ರ ‘ಲೆಮನ್’ ಸಿಗುವುದು ‘ರೆ’ಯಲ್ಲಿ. ಒನ್ ಪೀಸ್ ಅನಿಮೆಯ ಮೊದಲ ಹಾಡು ‘ವೀ ಆರ್’ (1999) ‘ಉ’ಗೆ ಸೇರುತ್ತದೆ, ಏಕೆಂದರೆ ಅದನ್ನು ಬರೆಯುವುದು ‘ಉ’ಗೆ ಸಣ್ಣ ‘ಇ’ ಹಚ್ಚಿ.

ಸಂದೇಹ ಬಂದರೆ ಉಟಾ-ನೆಟ್‌ನಂಥ ಜಪಾನಿ ಸಾಹಿತ್ಯ ತಾಣದಲ್ಲಿ ಅಕ್ಷರಾನುಕ್ರಮದ ಪುಟ ತೆರೆದು ನೋಡಿ. ಪಟ್ಟಿಯಲ್ಲಿ ಬರೆದುಕೊಳ್ಳುವಾಗ ಚಿತ್ರಾಕ್ಷರದ ಜೊತೆಗೆ ಉಚ್ಚಾರವನ್ನು ಕನ್ನಡದಲ್ಲೇ ಬರೆಯಿರಿ. ಹ್ರಸ್ವ ಎ, ಒ ಮತ್ತು ದೀರ್ಘ ಏ, ಓ ಬೇರೆ ಬೇರೆಯಾಗಿ ಇರುವ ನಮ್ಮ ಲಿಪಿ ಜಪಾನಿ ಸ್ವರಗಳಿಗೆ ಅಳತೆ ಕೊಟ್ಟು ಹೊಲಿಸಿದಂತೆ ಹೊಂದುತ್ತದೆ. ರೋಮನ್ ಲಿಪಿಯಲ್ಲಿ ಬರೆದುಕೊಂಡವರು ಎಲ್ಲಿ ಎಳೆಯಬೇಕು, ಎಲ್ಲಿ ಕಡಿಯಬೇಕು ಎಂದು ತಡಕಾಡುತ್ತಾರೆ.

ಮೂರನೆಯ ಹೆಜ್ಜೆ: ಸಾಲು ಸಾಲಾಗಿ ಪಟ್ಟಿ ಕಟ್ಟಿ

ಪ್ರತಿ ಅಕ್ಷರಕ್ಕೂ ಒಂದೊಂದು ಹಾಡು ಇರಬೇಕೆಂಬ ಹಟ ಬೇಡ. ಮೊದಲು ಪ್ರತಿ ಸಾಲಿಗೆ ಒಂದು, ಅಂದರೆ ಹತ್ತು ಹಾಡುಗಳನ್ನು ಗಟ್ಟಿ ಮಾಡಿಕೊಳ್ಳಿ. ಅರೆಬರೆ ಗೊತ್ತಿರುವ ನಲವತ್ತಕ್ಕಿಂತ ಪೂರ್ತಿ ಗೊತ್ತಿರುವ ಹತ್ತು ಮೇಲು.

‘ಅ’ ಸಾಲಿನಲ್ಲಿ ಹಾಡುಗಳು ಧಾರಾಳ. ಮೊಟ್ಟಮೊದಲು ಕಲಿಯಬೇಕಾದದ್ದು ಸಕಮೊತೊ ಕ್ಯೂ ಹಾಡಿದ ‘ಉಎ ಒ ಮುಯಿತೆ ಅರುಕೋ’ (1961) ಎಂಬುದು ನನ್ನ ದೃಢ ಅಭಿಪ್ರಾಯ. ಎಯ್ ರೊಕುಸುಕೆ ಬರೆದ ಸಾಲುಗಳು, ನಕಮುರ ಹಚಿದಯ್ ಅವರ ಸಂಗೀತ. 1963ರ ಜೂನ್‌ನಲ್ಲಿ ಅದು ‘ಸುಕಿಯಾಕಿ’ ಎಂಬ ಹೆಸರಿನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಕೋಣೆಯಲ್ಲಿ ಇಪ್ಪತ್ತರ ಹುಡುಗರಿರಲಿ, ಎಪ್ಪತ್ತರ ಹಿರಿಯರಿರಲಿ, ಎಲ್ಲರಿಗೂ ಅದು ಗೊತ್ತು. ನಡಿಗೆ ನಿಧಾನ, ಪದಗಳು ಸರಳ, ನಡುವೆ ಶಿಳ್ಳೆ ಹಾಕುವ ಭಾಗವೂ ಇದೆ. ‘ಅ’ಕ್ಕೆ ‘ಅಕತೊಂಬೊ’ ಅಥವಾ ಮತ್ಸುದ ಸೆಯ್ಕೊ ಅವರ ‘ಅಕಯ್ ಸ್ವೀಟ್‌ಪೀ’ (1982). ಯೊಆಸೊಬಿ ಜೋಡಿಯ ‘ಅಯ್ದೊರು’ (2023) ಎಲ್ಲರ ಬಾಯಲ್ಲಿದ್ದರೂ ಅದರ ವೇಗಕ್ಕೆ ನಾಲಗೆ ಪಳಗಲು ಬಹಳ ಕಾಲ ಬೇಕು. ‘ಇ’ಗೆ ನಕಜಿಮ ಮಿಯುಕಿ ಅವರ ‘ಇತೊ’. ಮದುವೆಗಳಲ್ಲೂ ಕೇಳಿಬರುವ, ಸದ್ದಿಲ್ಲದೆ ಮನಸ್ಸಿಗೆ ಇಳಿಯುವ ಹಾಡು. ‘ಎ’ಗೆ ಮೊರಿ ಶಿನಿಚಿ ಅವರ ‘ಎರಿಮೊ ಮಿಸಕಿ’ (1974). ‘ಒ’ಗೆ ‘ಒಯೊಗೆ! ತಯಿಯಕಿ-ಕುನ್’ (1975). ಮಕ್ಕಳ ಹಾಡಾದರೂ ಜಪಾನಿನಲ್ಲಿ ಅತಿ ಹೆಚ್ಚು, 45 ಲಕ್ಷಕ್ಕೂ ಮೀರಿ ಮಾರಾಟವಾದ ಸಿಂಗಲ್ ಅದು.

‘ಕ’ ಸಾಲು ಹಿರಿಯರ ಮನ ಗೆಲ್ಲುವ ಸಾಲು. ಮಿಸೊರ ಹಿಬರಿ 1989ರ ಜೂನ್‌ನಲ್ಲಿ ತೀರಿಕೊಂಡರು. ಅದೇ ವರ್ಷದ ಆರಂಭದಲ್ಲಿ ಬಂದ ‘ಕವ ನೊ ನಗರೆ ನೊ ಯೋ ನಿ’ ಅವರ ಬದುಕಿನ ಕಡೆಯ ಸಿಂಗಲ್. ಅದನ್ನು ವಿದೇಶೀಯರೊಬ್ಬರು ಶ್ರದ್ಧೆಯಿಂದ ಹಾಡಿದರೆ ಕೋಣೆಯಲ್ಲಿರುವ ಹಿರಿಯರು ಗ್ಲಾಸು ಕೆಳಗಿಟ್ಟು ಕೇಳುತ್ತಾರೆ. ಸೆನ್ ಮಸಒ ಅವರ ‘ಕಿತಗುನಿ ನೊ ಹರು’ (1977) ಊರು ಬಿಟ್ಟು ಬಂದವನ ಹಾಡು. ದೂರದಲ್ಲಿ ದುಡಿಯುವ ನಮ್ಮವರ ಗಂಟಲಿಗೂ ಚೆನ್ನಾಗಿ ಹೊಂದುತ್ತದೆ. ಯುವಕರ ಗುಂಪಾದರೆ ‘ಕಿಸೆಕಿ’ (2008) ಅಥವಾ ಹೊಶಿನೊ ಗೆನ್ ಅವರ ‘ಕೊಯಿ’ (2016). ‘ಕೆ’ಗೆ ಯೊಶಿದ ತಕುರೋ ಅವರ ‘ಕೆಕ್ಕೊನ್ ಶಿಯೋ ಯೊ’ (1972).

‘ಸ’ ಸಾಲಿನಲ್ಲಿ ಸಮಸ್ಯೆ ಬೇರೆ: ‘ಸಕುರ’ ಎಂಬ ಒಂದೇ ಉಚ್ಚಾರದ ಹಾಡುಗಳು ಬೇಕಾದಷ್ಟಿವೆ. ಮೊರಿಯಮ ನಒತರೋ ಅವರದು 2003ರದ್ದು, ಕೊಬುಕುರೊ ಜೋಡಿಯದು 2005ರದ್ದು, ಇಕಿಮೊನೊಗಕರಿ ತಂಡದ್ದು 2006ರದ್ದು. ಹಿರಗಾನ, ಚಿತ್ರಾಕ್ಷರ, ರೋಮನ್ ಎಂದು ಬರೆಯುವ ರೀತಿ ಬೇರೆ ಬೇರೆ. ಪಟ್ಟಿಯಲ್ಲಿ ಗಾಯಕರ ಹೆಸರು ಬರೆಯಲೇಬೇಕಾದ ಜಾಗ ಇದು. ಇಲ್ಲದಿದ್ದರೆ ಬೇರೆಯದೇ ಮುನ್ನುಡಿ ಸಂಗೀತ ಮೊಳಗುತ್ತದೆ. ‘ಶಿ’ಗೆ ‘ಶಿಮ ಉತ’, ‘ಸು’ಗೆ ತನಿಮುರ ಶಿಂಜಿ ಅವರ ‘ಸುಬರು’ (1980), ‘ಸೆ’ಗೆ ಸ್ಮಾಪ್ ತಂಡದ ‘ಸೆಕಯ್ ನಿ ಹಿತೊತ್ಸು ದಕೆ ನೊ ಹನ’ (2003), ‘ಸೊ’ಗೆ ಜೂಡಿ ಆ್ಯಂಡ್ ಮೇರಿ ತಂಡದ ‘ಸೊಬಕಸು’ (1996).

‘ತ’ ಸಾಲಿನಲ್ಲಿ ‘ತ್ಸು’ ಅಡಿಯಲ್ಲಿ ಮೊದಲು ಕಣ್ಣಿಗೆ ಬೀಳುವ ಹೆಸರು ಸದರ್ನ್ ಆಲ್ ಸ್ಟಾರ್ಸ್ ತಂಡದ 2000ನೇ ಇಸವಿಯ ‘ತ್ಸುನಮಿ’. ಅದು ಪ್ರೇಮದ ಹಾಡು. ಆದರೂ 2011ರ ಮಾರ್ಚ್‌ನಲ್ಲಿ ಈಶಾನ್ಯ ಜಪಾನಿನಲ್ಲಿ ನಡೆದ ಭೂಕಂಪ, ಸುನಾಮಿ ದುರಂತದ ಬಳಿಕ ಪ್ರಸಾರದಲ್ಲಿ ಅದನ್ನು ಹಾಕುವುದನ್ನು ಬಹುಕಾಲ ತಪ್ಪಿಸಲಾಯಿತು. ಜೊತೆಯಲ್ಲಿ ಈಶಾನ್ಯ ಕರಾವಳಿಯ ಕಡೆಯವರು ಇರಬಹುದು; ನೀವಾಗಿ ಆ ಹಾಡನ್ನು ಆರಿಸಬೇಡಿ. ಬದಲಿಗೆ ಇಶಿಕವ ಸಯುರಿ ಅವರ ‘ತ್ಸುಗರು ಕಯ್ಕ್ಯೋ ಫುಯುಗೆಶಿಕಿ’ (1977) ಕಲಿಯಿರಿ. ‘ಚಿ’ಗೆ ಮೊಂಗೊಲ್ 800 ತಂಡದ ‘ಚೀಸನ ಕೊಯಿ ನೊ ಉತ’ (2001), ‘ತೆ’ಗೆ ‘ತೆಂತಯ್ ಕನ್ಸೊಕು’ (2001), ‘ತೊ’ಗೆ ‘ತೊನರಿ ನೊ ತೊತೊರೊ’ (1988).

‘ನ’ ಸಾಲಿನ ರತ್ನ ‘ನದ ಸೋಸೋ’. ಬಿಗಿನ್ ತಂಡದ ಧಾಟಿಗೆ ಮೊರಿಯಮ ರ್ಯೋಕೊ ಸಾಹಿತ್ಯ ಬರೆದರು; ನತ್ಸುಕವ ರಿಮಿ ಅವರ 2001ರ ಗಾಯನ ಅದನ್ನು ಮನೆಮನೆಗೆ ತಲುಪಿಸಿತು. ‘ನಿ’ಗೆ ಸುದ ಮಸಕಿ ಅವರ ‘ನಿಜಿ’ (2020), ‘ನೆ’ಗೆ ಅಯ್ಮ್ಯೊನ್ ಬರೆದು ಡಿಶ್ ತಂಡ ಹಾಡಿದ ‘ನೆಕೊ’ (2017). ‘ನು’ ಇಡೀ ಕೋಷ್ಟಕದಲ್ಲೇ ಬಡ ಅಕ್ಷರ. ಅಲ್ಲಿ ಎಲ್ಲರಿಗೂ ಗೊತ್ತಿರುವ ಹಾಡು ಸಿಗುವುದು ಕಷ್ಟ. ಆ ಮನೆಯನ್ನು ಖಾಲಿ ಬಿಡಿ.

‘ಹ’ ಸಾಲಿಗೆ ಬ, ಪ ಎರಡೂ ಸೇರುವುದರಿಂದ ಆಯ್ಕೆ ವಿಪುಲ. ಹಿತೊತೊ ಯೊ ಅವರ ‘ಹನಮಿಜುಕಿ’ (2004), ಹತ ಮೊತೊಹಿರೊ ಅವರ ‘ಹಿಮವರಿ ನೊ ಯಕುಸೊಕು’ (2014), 1914ರ ಶಾಲಾಗೀತೆ ‘ಫುರುಸತೊ’, ನರುತೊ ಅನಿಮೆ ನೋಡಿದವರಿಗೆಲ್ಲ ಗೊತ್ತಿರುವ ‘ಬ್ಲೂ ಬರ್ಡ್’ (2008), ಪರ್ಫ್ಯೂಮ್ ತಂಡದ ‘ಪೊರಿರಿಜುಮು’ (2007). ಇವುಗಳಲ್ಲಿ ‘ಫುರುಸತೊ’ವನ್ನು ಬಿಡಬೇಡಿ, ಅದು ಬಾರದ ಜಪಾನಿಯನ್ನು ಹುಡುಕುವುದೇ ಕಷ್ಟ.

‘ಮ’ ಸಾಲಿನಲ್ಲಿ ಜಾರ್ಡ್ ತಂಡದ ‘ಮಕೆನಯ್ದೆ’ (1993) ಬೆನ್ನು ತಟ್ಟುವ ಹಾಡು. ಮತ್ಸುಬರ ಮಿಕಿ ಅವರ ‘ಮಯೊನಕ ನೊ ದೊಅ’ (1979) ನಲವತ್ತು ವರ್ಷಗಳ ಬಳಿಕ, 2020ರ ಸುಮಾರಿಗೆ ಅಂತರಜಾಲದ ಮೂಲಕ ಲೋಕವೆಲ್ಲ ಸುತ್ತಿತು. ‘ಮು’ಗೆ ಸೇಲರ್ ಮೂನ್ ಅನಿಮೆಯ ‘ಮೂನ್‌ಲೈಟ್ ದೆನ್ಸೆತ್ಸು’, ‘ಮೆ’ಗೆ ‘ಮೆಜಸೆ ಪೊಕೆಮೊನ್ ಮಸುತಾ’ (1997).

ಉಳಿದ ಮೂರು ಸಾಲುಗಳನ್ನು ಬೇಗ ಮುಗಿಸಬಹುದು. ‘ಯು’ಗೆ ನಕಶಿಮ ಮಿಕ ಅವರ ‘ಯುಕಿ ನೊ ಹನ’ (2003), ‘ಯೊ’ಗೆ ‘ಯೊರು ನಿ ಕಕೆರು’ (2019). ಶುದ್ಧ ಜಪಾನಿ ಪದಗಳು ‘ರ’ ಸಾಲಿನಿಂದ ಆರಂಭವಾಗುವುದೇ ಇಲ್ಲವೆನ್ನಬಹುದು, ಹಾಗಾಗಿ ಅಲ್ಲಿ ಹೊರಗಿನಿಂದ ಬಂದ ಪದಗಳದ್ದೇ ಕಾರುಬಾರು: ಬ್ಲೂ ಹಾರ್ಟ್ಸ್ ತಂಡದ ‘ರಿಂದ ರಿಂದ’ (1987), ಅರಯ್ ಯುಮಿ ಅವರ ‘ರೂಜು ನೊ ದೆಂಗೊನ್’ (1975), ‘ಲೆಮನ್’, ಸ್ಪಿಟ್ಸ್ ತಂಡದ ‘ರೊಬಿನ್ಸೊನ್’ (1995). ‘ವ’ಗೆ ಮೊರಿತಕ ಚಿಸತೊ ಅವರ ‘ವತರಸೆಬಶಿ’ (1993). ತೊಚಿಗಿ ಪ್ರಾಂತದ ಅಶಿಕಗ ಊರಿನಲ್ಲಿ ನಿಜವಾಗಿಯೂ ಇರುವ ಸೇತುವೆಯೊಂದರ ಹೆಸರು ಅದು.

ನಾಲ್ಕನೆಯ ಹೆಜ್ಜೆ: ನಿಮ್ಮ ಕಂಠಕ್ಕೂ ಕಿವಿಗೂ ಒಗ್ಗುವುದನ್ನು ಉಳಿಸಿಕೊಳ್ಳಿ

ಸಂಗೀತ ಕಲಿತ ಕನ್ನಡಿಗರಿಗೆ ಇಲ್ಲೊಂದು ದೊಡ್ಡ ಅನುಕೂಲವಿದೆ. ಜಪಾನಿ ಹಾಡುಗಳಲ್ಲಿ ಒಂದು ದೊಡ್ಡ ಪಾಲು ಐದು ಸ್ವರಗಳಲ್ಲೇ ನಡೆಯುತ್ತದೆ. ‘ಯೊನನುಕಿ’ ಎಂದು ಅವರು ಕರೆಯುವ, ನಾಲ್ಕನೆಯ ಮತ್ತು ಏಳನೆಯ ಸ್ವರ ಬಿಟ್ಟ ಶ್ರೇಣಿಯ ಶುದ್ಧ ರೂಪದಲ್ಲಿ ಸ, ರಿ, ಗ, ಪ, ದ ಉಳಿಯುತ್ತವೆ. ಮೋಹನ ರಾಗದ ಸ್ವರಗಳು ಇವೇ. ಯಮದ ಕೋಸಕು 1927ರಲ್ಲಿ ರಾಗ ಹಾಕಿದ ‘ಅಕತೊಂಬೊ’ವನ್ನು ಒಮ್ಮೆ ಸ್ವರ ಹಾಕಿ ನೋಡಿ, ಮೋಹನದ ಗೀತೆ ಅಭ್ಯಾಸ ಮಾಡಿದವರ ಕೈಗೆ ಅದು ಒಂದೇ ಸಲ ಕೂತಾಗ ಸಿಗುತ್ತದೆ. ‘ಕಿತಗುನಿ ನೊ ಹರು’ ಕೂಡ ಇದೇ ಜಾಡಿನದು. ಅಂಗಡಿ ಮುಚ್ಚುವ ವೇಳೆಗೆ ಜಪಾನಿನಲ್ಲಿ ಕೇಳಿಬರುವ ‘ಹೊತರು ನೊ ಹಿಕರಿ’ಯ ಧಾಟಿ ಸ್ಕಾಟ್ಲೆಂಡಿನದು, ಆದರೆ ಸ್ವರಗಳು ಇವೇ ಐದು.

ಒಕಿನವ ದ್ವೀಪಗಳ ಶ್ರೇಣಿ ಇನ್ನೂ ಸ್ವಾರಸ್ಯಕರ: ಸ, ಗ, ಮ, ಪ, ನಿ. ಅಂತರ ಗಾಂಧಾರ, ಶುದ್ಧ ಮಧ್ಯಮ, ಕಾಕಲಿ ನಿಷಾದ. ಅಂದರೆ ನಾದಸ್ವರದಲ್ಲಿ ಮಲ್ಲಾರಿ ನುಡಿಸುವ ಗಂಭೀರನಾಟ. ದ ಬೂಮ್ ತಂಡದ ‘ಶಿಮ ಉತ’ (1992) ಹಾಡಿನ ಆರಂಭದ ಪದ್ಯಗಳು ಈ ಶ್ರೇಣಿಯಲ್ಲಿವೆ. ಒಕಿನವ ಯುದ್ಧದಲ್ಲಿ ಮಡಿದವರ ನೆನಪಿನಿಂದ ಹುಟ್ಟಿದ ಹಾಡು ಅದು. ಬರೆದ ಮಿಯಜವ ಕಜುಫುಮಿ ಒಕಿನವದವರಲ್ಲ, ಯಮನಶಿ ಪ್ರಾಂತದವರು. ಇನ್ನು ‘ಸಕುರ ಸಕುರ’ ಎಂಬ ಹಳೆಯ ಜನಪದ ಧಾಟಿಯಲ್ಲಿ ಕೇಳುವುದು ಸ, ಶುದ್ಧ ರಿ, ಮ, ಪ, ಶುದ್ಧ ದ. ಸಾವೇರಿಯ ಆರೋಹಣ ಬಲ್ಲವರ ಕಿವಿಗೆ ಅದು ಅಪರಿಚಿತವೆನಿಸದು. ರಾಗದ ಗಮಕಗಳನ್ನು ಮಾತ್ರ ಅಲ್ಲಿಗೆ ಒಯ್ಯಬೇಡಿ. ಎಂಕ ಎಂಬ ಹಳೆಯ ಶೈಲಿಯ ಹಾಡುಗಳಲ್ಲಿ ‘ಕೊಬುಶಿ’ ಎನ್ನುವ ಕಂಠದ ತಿರುವು ಇದೆ. ಅದನ್ನು ಮೂಲ ಗಾಯಕರಿಂದಲೇ ಕೇಳಿ ಕಲಿಯಬೇಕು.

ಶ್ರುತಿಯ ವಿಷಯಕ್ಕೆ ಬಂದರೆ, ಇಂದಿನ ಜಪಾನಿ ಪಾಪ್ ಹಾಡುಗಳಲ್ಲಿ ಗಂಡಸರ ಹಾಡುಗಳೂ ತಾರಸ್ಥಾಯಿಯಲ್ಲೇ ಓಡಾಡುತ್ತವೆ. ಹಿಗೆದನ್ ಎಂದೇ ಎಲ್ಲರೂ ಕರೆಯುವ ತಂಡದ ‘ಪ್ರಿಟೆಂಡರ್’ (2019) ಮೂಲ ಶ್ರುತಿಯಲ್ಲಿ ಸಾಮಾನ್ಯ ಗಂಡು ಕಂಠಕ್ಕೆ ಎಟುಕದು. ಯಂತ್ರದ ಶ್ರುತಿ ಬಟನ್ ಒಮ್ಮೆ ಒತ್ತಿದರೆ ಅರ್ಧ ಸ್ವರ ಬದಲಾಗುತ್ತದೆ. ಹನ್ನೆರಡು ಒತ್ತುಗಳಿಗೆ ಒಂದು ಸ್ಥಾಯಿ ಎಂದು ಲೆಕ್ಕ ಹಾಕಿಕೊಳ್ಳಿ. ಹೆಂಗಸರ ಹಾಡನ್ನು ಗಂಡಸರು ಹಾಡುವಾಗ ಒಂದು ಸ್ಥಾಯಿ ಕೆಳಗಿಳಿದರೆ ತಗ್ಗಾಗುತ್ತದೆ, ಅಲ್ಲೇ ಹಾಡಿದರೆ ಹೆಚ್ಚಾಗುತ್ತದೆ. ನಾಲ್ಕೈದು ಒತ್ತು ಸರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಸರಿಹೊಂದಿದ ಸಂಖ್ಯೆಯನ್ನು ಪಟ್ಟಿಯಲ್ಲಿ ಹಾಡಿನ ಮುಂದೆಯೇ ಬರೆದಿಡಿ.

ಐದನೆಯ ಹೆಜ್ಜೆ: ಮಾತ್ರೆ ಎಣಿಸಿ ಅಭ್ಯಾಸ ಮಾಡಿ

ಜಪಾನಿ ಹಾಡಿನ ಲಯ ನಿಂತಿರುವುದು ಮಾತ್ರೆಗಳ ಮೇಲೆ. ಶಾಲೆಯಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕಿದವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ರ‍್ಯಾಡ್‌ವಿಂಪ್ಸ್ ತಂಡದ 2016ರ ‘ಜೆಂಜೆಂಜೆನ್ಸೆ’ ಶೀರ್ಷಿಕೆಯನ್ನೇ ತೆಗೆದುಕೊಳ್ಳಿ. ಜೆಂ ಎರಡು, ಜೆಂ ಎರಡು, ಒತ್ತಕ್ಷರದ ಹಿಂದಿನ ಜೆ ಎರಡು, ಸೆ ಒಂದು: ಒಟ್ಟು ಏಳು. ಜಪಾನಿಯರು ಎಣಿಸುವುದೂ ಏಳೇ: ಜೆ, ನ್, ಜೆ, ನ್, ಜೆ, ನ್, ಸೆ. ಅಡೊ ಹಾಡಿದ 2020ರ ‘ಉಸ್ಸೇವ’ದಲ್ಲಿ ಎರಡು, ಎರಡು, ಒಂದು, ಒಟ್ಟು ಐದು. ‘ನ್’ಗೆ ಸಂಗೀತದಲ್ಲಿ ಅದರದೇ ಒಂದು ಸ್ವರ ಸಿಗುತ್ತದೆ ಎಂಬುದನ್ನು ಮರೆಯದೆ, ಅಲ್ಲಿ ಬಾಯಿ ಮುಚ್ಚಿ ಸ್ವರ ಹಿಡಿಯಿರಿ. ದೀರ್ಘವನ್ನು ಹ್ರಸ್ವ ಮಾಡಿದರೆ ಅರ್ಥ ಕೆಡುತ್ತದೆ, ತಾಳವೂ ತಪ್ಪುತ್ತದೆ.

ಪರದೆಯ ಮೇಲೆ ಚಿತ್ರಾಕ್ಷರಗಳ ನೆತ್ತಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಉಚ್ಚಾರ ಇರುತ್ತದೆ, ಹಾಡು ಸಾಗಿದಂತೆ ಸಾಲುಗಳ ಬಣ್ಣ ಬದಲಾಗುತ್ತದೆ. ಅದನ್ನು ಓದುತ್ತ ಹಾಡುವ ವೇಗ ಬರಬೇಕಾದರೆ ಒಬ್ಬರೇ ಹೋಗಿ ಅಭ್ಯಾಸ ಮಾಡುವುದು ಒಳ್ಳೆಯದು. ‘ಹಿತೊಕರ’ ಎಂಬ ಈ ಏಕಾಂಗಿ ಕರೋಕೆ ಜಪಾನಿನಲ್ಲಿ ತೀರಾ ಸಾಮಾನ್ಯ. ಕೆಲಸದ ದಿನಗಳ ಮಧ್ಯಾಹ್ನ ದರ ಕಡಿಮೆ, ವಾರಾಂತ್ಯದ ರಾತ್ರಿ ಹೆಚ್ಚು. ಅನೇಕ ಕಡೆ ಅರ್ಧ ಗಂಟೆಗೆ ತಲಾ ಇಷ್ಟು ಎಂಬ ಲೆಕ್ಕ, ಜೊತೆಗೆ ಒಂದಾದರೂ ಪಾನೀಯ ತೆಗೆದುಕೊಳ್ಳಬೇಕೆಂಬ ನಿಯಮ.

ಆರನೆಯ ಹೆಜ್ಜೆ: ಯಂತ್ರದಲ್ಲಿ ಹುಡುಕುವುದು

ಬಹುತೇಕ ಕೋಣೆಗಳಲ್ಲಿರುವುದು ಡ್ಯಾಮ್ ಅಥವಾ ಜಾಯ್‌ಸೌಂಡ್ ಹೆಸರಿನ ಕರೋಕೆ ಯಂತ್ರ. ಡ್ಯಾಮ್‌ನ ಟ್ಯಾಬ್ಲೆಟ್ಟಿಗೆ ‘ದೆನ್ಮೊಕು’ ಎನ್ನುತ್ತಾರೆ. ಶೀರ್ಷಿಕೆಯಿಂದ ಹುಡುಕುವ ಬಟನ್ ‘ಕ್ಯೊಕುಮೆಯ್’, ಗಾಯಕರಿಂದ ಹುಡುಕುವುದು ‘ಕಶುಮೆಯ್’. ಪರದೆಯ ಕೀಲಿಮಣೆ ಗೊಜೂಓನ್ ಕ್ರಮದಲ್ಲಿರುತ್ತದೆ. ಮೊದಲ ಎರಡು ಮೂರು ಅಕ್ಷರ ಒತ್ತಿದರೆ ಸಾಕು, ಪಟ್ಟಿ ಕಿರಿದಾಗುತ್ತ ಬರುತ್ತದೆ. ಆರಿಸಿದ ಮೇಲೆ ಕಳಿಸುವ ಮೊದಲೇ ಶ್ರುತಿ ಹೊಂದಿಸಿ.

ಸಾಲಾಗಿ ಎರಡು ಮೂರು ಹಾಡುಗಳನ್ನು ಕಳಿಸಬೇಡಿ. ಒಂದು ಹಾಡು ಸೇರಿಸಿ ಟ್ಯಾಬ್ಲೆಟ್ಟನ್ನು ಪಕ್ಕದವರಿಗೆ ಕೊಡಿ. ಬೇರೆಯವರು ಹಾಡುವಾಗ ಪಟ್ಟಿಯಲ್ಲೇ ಮುಳುಗದೆ ಚಪ್ಪಾಳೆ ತಟ್ಟಿ. ಮೊದಲೇ ಸಿದ್ಧವಾಗಿ ಹೋಗುವುದರ ದೊಡ್ಡ ಲಾಭ ಇದೇ. ಹಿರಿಯ ಸಹೋದ್ಯೋಗಿಯೊಬ್ಬರು ಯಾವಾಗಲೂ ಹಾಡುವ ಹಾಡು ಯಾವುದೆಂದು ಗೊತ್ತಿದ್ದರೆ ಅದನ್ನು ಅವರಿಗೇ ಬಿಡಿ.

ಏಳನೆಯ ಹೆಜ್ಜೆ: ಶಿರಿತೊರಿ ಆಟಕ್ಕೆ ಇಳಿಯಿರಿ

ಪಟ್ಟಿಗೆ ನಿಜವಾದ ಪರೀಕ್ಷೆ ‘ಶಿರಿತೊರಿ ಕರೋಕೆ’. ನಮ್ಮ ಅಂತ್ಯಾಕ್ಷರಿಯಲ್ಲಿ ಹಾಡಿದ ಸಾಲಿನ ಕೊನೆಯ ಅಕ್ಷರ ಹಿಡಿಯುತ್ತೇವೆ. ಇಲ್ಲಿ ಹಿಡಿಯಬೇಕಾದದ್ದು ಶೀರ್ಷಿಕೆಯ ಕೊನೆಯ ಅಕ್ಷರ. ‘ನ್’ನಲ್ಲಿ ಮುಗಿಯುವ ಶೀರ್ಷಿಕೆ ಕೊಟ್ಟವರು ಸೋತಂತೆ. ಹಾಗಾಗಿ ‘ತಯಿಯಕಿ-ಕುನ್’, ‘ಲೆಮನ್’, ‘ರೊಬಿನ್ಸೊನ್’, ‘ರೂಜು ನೊ ದೆಂಗೊನ್’ ಎಲ್ಲವೂ ಅಪಾಯಕಾರಿ. ಪಟ್ಟಿಯಲ್ಲಿ ಅವುಗಳಿಗೆ ಕೆಂಪು ಗುರುತು ಹಾಕಿ.

ಆರಂಭಿಸುವ ಮೊದಲು ಮೂರು ವಿಷಯ ಕೇಳಿಕೊಳ್ಳಿ. ‘ಗ’ಗೆ ‘ಕ’, ‘ಬ’ಗೆ ‘ಹ’ ನಡೆಯುತ್ತದೆಯೇ? ಕೊನೆಯಲ್ಲಿ ದೀರ್ಘವಿದ್ದರೆ ಎಳೆದ ಸ್ವರ ಹಿಡಿಯಬೇಕೋ ಅದರ ಹಿಂದಿನ ಅಕ್ಷರವೋ? ಉಪಶೀರ್ಷಿಕೆ ಲೆಕ್ಕಕ್ಕೆ ಬರುತ್ತದೆಯೇ? ಆ್ಯಂಜೆಲಾ ಅಕಿ ಅವರ 2008ರ ‘ತೆಗಮಿ’ಗೆ ಉದ್ದನೆಯ ಉಪಶೀರ್ಷಿಕೆ ಇದೆ, ಅದನ್ನು ಸೇರಿಸಿದರೆ ಕೊನೆಗೆ ಬರೆಯುವ ಅಕ್ಷರ ‘ಹೆ’, ಉಚ್ಚರಿಸುವುದು ‘ಎ’. ಜಗಳಕ್ಕೆ ಇಷ್ಟು ಸಾಕು.

ಮೇಲಿನ ಪಟ್ಟಿಗೆ ಸ್ಟುಡಿಯೊ ಜಿಬ್ಲಿ ಚಿತ್ರಗಳ ಎರಡು ಹಾಡು, ಅಯ್ಮ್ಯೊನ್ ಮತ್ತು ಯೂರಿ ಅವರ ಒಂದೊಂದು, ಹಿರೊಸೆ ಕೋಮಿ ಅವರ ಒಂದು ಸೇರಿಸಿದರೆ ಸರಪಳಿ ಹೀಗೆ ಬೆಳೆಯುತ್ತದೆ. ತೊತೊರೊ ಚಿತ್ರದ ‘ಸಂಪೊ’, ‘ಪೊ’ ಹಿಡಿದು ‘ಪೊರಿರಿಜುಮು’, ‘ಮು’ ಹಿಡಿದು ‘ಮೂನ್‌ಲೈಟ್ ದೆನ್ಸೆತ್ಸು’, ‘ತ್ಸು’ ಬಂದಾಗ ಹಲವರು ತಡವರಿಸುತ್ತಾರೆ, ನೀವು ‘ತ್ಸುಗರು ಕಯ್ಕ್ಯೋ ಫುಯುಗೆಶಿಕಿ’ ಹಾಡಿ, ‘ಕಿ’ಗೆ ಲಪುತ ಚಿತ್ರದ ‘ಕಿಮಿ ಒ ನೊಸೆತೆ’ (1986), ‘ತೆ’ಗೆ ‘ತೆಂತಯ್ ಕನ್ಸೊಕು’, ‘ಕು’ಗೆ ‘ಕುರೆನಯ್’, ‘ಇ’ಗೆ ‘ಇತೊ’, ‘ತೊ’ಗೆ ‘ತೊನರಿ ನೊ ತೊತೊರೊ’, ‘ರೊ’ಗೆ ‘ರೊಮಾನ್ಸು ನೊ ಕಮಿಸಮ’ (1993), ‘ಮ’ಗೆ ‘ಮರೀಗೋರುದೊ’ (2018), ‘ದೊ’ಗೆ ‘ದೊರಯ್ ಫುರವಾ’ (2020). ಇಲ್ಲಿ ದೀರ್ಘದ ನಿಯಮ ಕೆಲಸಕ್ಕೆ ಬರುತ್ತದೆ: ಹಿಂದಿನ ಅಕ್ಷರ ಹಿಡಿಯುವುದಾದರೆ ‘ವತರಸೆಬಶಿ’, ಎಳೆದ ಸ್ವರ ಹಿಡಿಯುವುದಾದರೆ ‘ಅಕತೊಂಬೊ’.

‘ಕುರೆನಯ್’ ಕಂಠಕ್ಕೆ ತೀರಾ ಭಾರವಾದ ಹಾಡು. ‘ಗ’ಗೆ ‘ಕ’ ನಡೆಯುವ ಗುಂಪಿನಲ್ಲಿ ಅದರ ಬದಲು ‘ಗುರೆಂಗೆ’ ಕೊಡಿ. ಆಗ ಮುಂದಿನವರಿಗೆ ‘ಗೆ’ ಉಳಿಯುತ್ತದೆ. ಅವರು ‘ಕೆ’ಗೆ ಇಳಿಸಿ ‘ಕೆಕ್ಕೊನ್ ಶಿಯೋ ಯೊ’ ಆರಿಸಿದರೆ ಸರಪಳಿ ‘ಯೊ’ ಕಡೆ ತಿರುಗಿ ‘ಯೊರು ನಿ ಕಕೆರು’, ಅಲ್ಲಿಂದ ‘ರು’. ಆ ಹೊತ್ತಿಗೆ ಕೈಯಲ್ಲಿ ‘ರೂಜು ನೊ ದೆಂಗೊನ್’ ಮಾತ್ರ ಉಳಿದಿದ್ದರೆ ‘ನ್’ ಬಂದು ಸೋಲುತ್ತೀರಿ. ಆದ್ದರಿಂದ ‘ರು’ವಿನಿಂದ ಆರಂಭವಾಗಿ ಬೇರೆ ಅಕ್ಷರದಲ್ಲಿ ಮುಗಿಯುವ ಒಂದು ಹಾಡನ್ನು ಉಟಾ-ನೆಟ್‌ನ ಅಕ್ಷರಾನುಕ್ರಮದಲ್ಲಿ ಮೊದಲೇ ಹುಡುಕಿ, ಕಲಿತು, ಪಟ್ಟಿಗೆ ಸೇರಿಸಿಕೊಂಡಿರಿ. ಸಮಯ ಮುಗಿಯಲು ಹತ್ತು ನಿಮಿಷವಿದೆ ಎಂದು ಕೋಣೆಯ ಫೋನ್ ಬಂದಾಗ ಆಟ ನಿಲ್ಲಿಸಿ, ಕಡೆಯ ಹಾಡಾಗಿ ಎಲ್ಲರೂ ಸೇರಿ ಹಾಡಬಹುದಾದ ‘ಉಎ ಒ ಮುಯಿತೆ ಅರುಕೋ’ ಅಥವಾ ‘ಸೆಕಯ್ ನಿ ಹಿತೊತ್ಸು ದಕೆ ನೊ ಹನ’ ಹಾಕಿ. ಎರಡಕ್ಕೂ ಸುಮಾರು ಮೂರರಿಂದ ಐದು ನಿಮಿಷ ಸಾಕು.